ಹನಿ ಬಿದ್ದೊಡನೆ ಕೈ ತಲೆಗೇ ಏಕೆ?

ಜೂನ್ ತಿಂಗಳ ಒಂದು ಸಂಜೆ. ಶಾಲೆಯ ಕೊನೆಯ ಗಂಟೆ ಹೊಡೆಯಿತು. ಮಕ್ಕಳು ಗೇಟಿನ ತನಕ ಬರುವಷ್ಟರಲ್ಲಿ ಮಳೆಯೂ ಬಂತು. ಎದುರಿನ ಅಂಗಡಿಯ ಜಗಲಿಯಲ್ಲಿ ಮಗಳಿಗಾಗಿ ಕಾಯುತ್ತ ನಿಂತಿದ್ದ ನನಗೆ ಕಂಡ ನೋಟ ಇದು: ಒಬ್ಬಳು ಚೀಲವನ್ನು ತಲೆಯ ಮೇಲೆ ಹೊತ್ತು ಓಡಿದಳು. ಒಬ್ಬ ಊಟದ ಡಬ್ಬಿಯ ಮುಚ್ಚಳ ಹಿಡಿದ. ಇನ್ನೊಬ್ಬ ರಟ್ಟಿನ ಪರೀಕ್ಷಾ ಪ್ಯಾಡನ್ನು ನೆತ್ತಿಗೆ ಆನಿಸಿಕೊಂಡ. ಮೇಷ್ಟ್ರೊಬ್ಬರು ದಿನಪತ್ರಿಕೆಯನ್ನು ಮಡಚಿ ತಲೆಗೆ ಏರಿಸಿದರು. ಏನೂ ಇಲ್ಲದವರು ಬರೀ ಅಂಗೈ ಇಟ್ಟುಕೊಂಡರು.

ಮಗಳು ಬಂದು ಜಗಲಿ ಹತ್ತಿದಾಗ ಅವಳ ಲಂಗದಿಂದ ನೀರು ತೊಟ್ಟಿಕ್ಕುತ್ತಿತ್ತು. ಚೀಲ ತಲೆಯ ಮೇಲೆಯೇ ಇತ್ತು.

"ಅಪ್ಪಾ, ಬಟ್ಟೆಯೆಲ್ಲ ಒದ್ದೆ. ಚೀಲದೊಳಗಿನ ನೋಟ್ಸೂ ಒದ್ದೆಯಾಗಿರಬೇಕು. ತಲೆ ಒಂದನ್ನು ಉಳಿಸಿ ಏನು ಬಂತು? ಆದರೂ ಕೈ ತಾನಾಗಿಯೇ ಮೇಲೆ ಹೋಯ್ತು. ಯಾಕೆ?"

ಮನೆಗೆ ಬಂದ ಮೇಲೆ ಟವೆಲು ಹಿಡಿದು ಕಾಯುತ್ತಿದ್ದ ಅಜ್ಜಿಯ ಬಳಿ ಉತ್ತರ ಸಿದ್ಧವಾಗಿತ್ತು. "ನೆತ್ತಿಗೆ ನೀರಿಳಿದ್ರೆ ಥಂಡಿ ಆಗ್ತದೆ ಮಗಾ. ಅದಕ್ಕೇ."

ಮಗಳಿಗೆ ಸಮಾಧಾನವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ. ಹುಡುಕುತ್ತ ಹೋದಾಗ ತಿಳಿದದ್ದು, ಈ ಸಣ್ಣ ಪ್ರಶ್ನೆಗೆ ಉತ್ತರ ಒಂದಲ್ಲ, ಹಲವು. ಅಜ್ಜಿಯ ಮಾತೂ ಪೂರ್ತಿ ಸುಳ್ಳಲ್ಲ.

ಬಚ್ಚಲಮನೆಯಲ್ಲಿ ಕೈ ಏಕೆ ಏಳದು?

ಮೊದಲು ಒಂದು ಸರಳ ವಿಷಯವನ್ನು ಗಮನಿಸಿ. ಬೆಳಿಗ್ಗೆ ಬಚ್ಚಲಮನೆಯಲ್ಲಿ ನಾವೇ ಚೊಂಬುಗಟ್ಟಲೆ ನೀರನ್ನು ತಲೆಗೆ ಸುರಿದುಕೊಳ್ಳುತ್ತೇವೆ. ಆಗ ಕೈ ತಲೆಯನ್ನು ಮುಚ್ಚಲು ಹೋಗುವುದಿಲ್ಲ. ಅದೇ ತಲೆಗೆ ದಾರಿಯಲ್ಲಿ ನಾಲ್ಕು ಹನಿ ಬಿದ್ದರೆ ಕೈ ಏಳುತ್ತದೆ. ಅಂದರೆ ನಮ್ಮ ಶರೀರ ಹೆದರುವುದು ನೀರಿಗಲ್ಲ, ಹೇಳದೆ ಕೇಳದೆ ಮೇಲಿನಿಂದ ಬಂದದ್ದಕ್ಕೆ.

ಇದ್ದಕ್ಕಿದ್ದಂತೆ ಏನಾದರೂ ತಾಗಿದರೆ ಅಥವಾ ದೊಡ್ಡ ಸದ್ದಾದರೆ ನಾವು ಬೆಚ್ಚಿಬೀಳುತ್ತೇವಷ್ಟೆ. ಆ ಕ್ಷಣದಲ್ಲಿ ದೇಹ ಏನು ಮಾಡುತ್ತದೆ ಎಂಬುದನ್ನು ಅಮೆರಿಕದ ಲ್ಯಾಂಡಿಸ್ ಮತ್ತು ಹಂಟ್ ಎಂಬ ಮನೋವಿಜ್ಞಾನಿಗಳು ವೇಗದ ಚಲನಚಿತ್ರ ಕ್ಯಾಮೆರಾದಲ್ಲಿ ಸೆರೆಹಿಡಿದು 1939ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಮೊದಲು ಕಣ್ಣು ಮುಚ್ಚುತ್ತದೆ. ತಲೆ ಮುಂದಕ್ಕೆ ಬಾಗುತ್ತದೆ. ಭುಜ ಮೇಲೇರುತ್ತದೆ, ಕತ್ತು ಒಳಸೇರುತ್ತದೆ. ಇದಕ್ಕೆ ಯೋಚನೆ ಬೇಕಿಲ್ಲ. ಯೋಚನೆ ಶುರುವಾಗುವ ಮೊದಲೇ ಎಲ್ಲ ಮುಗಿದಿರುತ್ತದೆ. ಮಳೆಯ ಮೊದಲ ಹನಿ ಕತ್ತಿನ ಹಿಂಬದಿಗೆ ಬಿದ್ದಾಗ ನೀವು ಭುಜ ಕುಗ್ಗಿಸುವುದು ಇದೇ ಬಗೆಯದು.

ಕೈ ಎತ್ತುವುದು ಇದರ ಮುಂದಿನ ಹೆಜ್ಜೆ. ನಮ್ಮ ಮಿದುಳು ದೇಹದ ಸುತ್ತ, ಅದರಲ್ಲೂ ತಲೆ ಮತ್ತು ಮುಖದ ಸುತ್ತ, ಕಣ್ಣಿಗೆ ಕಾಣದ ಒಂದು ಬೇಲಿ ಹಾಕಿಕೊಂಡಿದೆ. ಈ ಬೇಲಿಯೊಳಗೆ ಏನೇ ನುಗ್ಗಿದರೂ ಕೆಲವು ನರಕೋಶಗಳು ಎಚ್ಚರಗೊಳ್ಳುತ್ತವೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮೈಕೆಲ್ ಗ್ರಾಜಿಯಾನೊ ಮತ್ತು ಸಂಗಡಿಗರು 2000ದ ದಶಕದ ಆರಂಭದಲ್ಲಿ ಕೋತಿಗಳ ಮಿದುಳಿನ ಇಂಥ ಜಾಗಗಳಿಗೆ ಅತಿ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು ನೋಡಿದರು. ಎದುರಿಗೆ ಏನೂ ಇಲ್ಲದಿದ್ದರೂ ಕೋತಿ ಕಣ್ಣು ಕಿರಿದು ಮಾಡಿತು, ತಲೆಯನ್ನು ಪಕ್ಕಕ್ಕೆ ತಿರುಗಿಸಿತು, ಕೈಯನ್ನು ಮುಖದ ಬಳಿಗೆ ಅಡ್ಡ ತಂದಿತು. ಚೆಂಡು ಮುಖಕ್ಕೆ ಬಂದಾಗ ನಾವು ಮಾಡುವುದೂ ಇದನ್ನೇ.

ಹಾಗಾದರೆ ತಲೆಯ ಮೇಲೆ ಕೈ ಇಡುವುದು ಪೂರ್ತಿ ಹುಟ್ಟುಗುಣವೇ? ಅಲ್ಲ. ಹಸುಗೂಸಿನ ಮುಖಕ್ಕೆ ಹನಿ ಬಿದ್ದರೆ ಅದು ಕಣ್ಣು ಮುಚ್ಚುತ್ತದೆ, ಮುಖ ಕಿವಿಚುತ್ತದೆ. ಕೈಯನ್ನು ತಲೆಗೆ ಒಯ್ಯುವುದಿಲ್ಲ. ಮೂರು ವರ್ಷದ ಮಗುವಂತೂ ಅಂಗಳದಲ್ಲಿ ಮುಖವನ್ನು ಆಕಾಶಕ್ಕೆ ಒಡ್ಡಿ ನಾಲಗೆ ಚಾಚಿ ನಿಲ್ಲುತ್ತದೆ. ತಲೆಗೆ ಸೆರಗು ಹೊದಿಸುವವಳು ತಾಯಿ. ಬೆಚ್ಚುವುದು ಹುಟ್ಟಿನಿಂದ ಬಂದದ್ದು. ಚೀಲ ತಲೆಗೇರಿಸುವುದು ಮನೆಯವರಿಂದ ಕಲಿತದ್ದು. ಎರಡೂ ಬೆರೆತು, ವರ್ಷಗಟ್ಟಲೆ ರೂಢಿಯಾಗಿ, ಕೊನೆಗೆ ಯಾವುದು ಯಾವುದೆಂದು ಹೇಳಲಾಗದಷ್ಟು ಒಂದಾಗಿಬಿಡುತ್ತವೆ.

ಕಾಯುವುದು ಕಣ್ಣನ್ನು

ಮುಂದಿನ ಮಳೆಯಲ್ಲಿ ದಾರಿಹೋಕರನ್ನು ಸ್ವಲ್ಪ ಗಮನಿಸಿ ನೋಡಿ. ಬರಿಗೈಯಲ್ಲಿ ಓಡುವವರಲ್ಲಿ ಹಲವರ ಅಂಗೈ ನಡುನೆತ್ತಿಯ ಮೇಲೆ ಇರುವುದಿಲ್ಲ. ಹಣೆಯ ಮೇಲೆ, ಹುಬ್ಬಿನ ನೇರಕ್ಕೆ, ಸೂರಿನಂತೆ ಚಾಚಿಕೊಂಡಿರುತ್ತದೆ. ಅವರು ಕಾಯುತ್ತಿರುವುದು ಕಣ್ಣನ್ನು. ಕೂದಲಿನಿಂದ ಹಣೆಗೆ ಇಳಿದ ನೀರನ್ನು ಹುಬ್ಬು ಬದಿಗೆ ಸರಿಸುತ್ತದೆ. ಹುಬ್ಬಿನ ಕೈಲಾಗದಷ್ಟು ನೀರು ಬಂದರೆ ದಾರಿ ಕಾಣುವುದಿಲ್ಲ. ಕನ್ನಡಕ ಹಾಕುವವರಿಗಂತೂ ಇದನ್ನು ಹೇಳಬೇಕಾಗಿಯೇ ಇಲ್ಲ.

ಕಣ್ಣು, ಕಿವಿ, ಮೂಗು, ಬಾಯಿ ನಾಲ್ಕೂ ತಲೆಯಲ್ಲಿವೆ. ಮುಖ ಮತ್ತು ಮುಂದಲೆಯ ಚರ್ಮಕ್ಕೆ ಸ್ಪರ್ಶ, ತಂಪು, ನೋವಿನ ಸುದ್ದಿಯನ್ನು ಮಿದುಳಿಗೆ ಒಯ್ಯಲೆಂದೇ ಟ್ರೈಜೆಮಿನಲ್ ಎಂಬ ದೊಡ್ಡ ನರವಿದೆ. ಇದರ ಜತೆಗೆ ಕೂದಲಿನ ಪ್ರತಿಯೊಂದು ಬುಡದಲ್ಲೂ ಸ್ಪರ್ಶ ಅರಿಯುವ ನರತುದಿಗಳಿವೆ. ಕೂದಲು ಸ್ವಲ್ಪ ಅಲುಗಿದರೂ ಸುದ್ದಿ ಮುಟ್ಟುತ್ತದೆ. ಆದ್ದರಿಂದಲೇ ಅಂಗಿಯ ಬೆನ್ನಿಗೆ ಬಿದ್ದ ಹತ್ತು ಹನಿ ತಿಳಿಯದಿದ್ದರೂ ನೆತ್ತಿಗೆ ಬಿದ್ದ ಒಂದು ಹನಿ ತಿಳಿಯುತ್ತದೆ.

ಮಳೆಯ ಲೆಕ್ಕ, ತಲೆಯ ಲೆಕ್ಕ

ಇನ್ನೊಂದು ಕಾರಣ ಸರಳ ಗಣಿತದ್ದು. ನಾವು ಎರಡು ಕಾಲಿನ ಮೇಲೆ ನೆಟ್ಟಗೆ ನಿಲ್ಲುವ ಪ್ರಾಣಿ. ಮಳೆಯಲ್ಲಿ ನಿಂತ ಹಸುವಿನ ಬೆನ್ನು ನೆನೆಯುತ್ತದೆ. ನಮ್ಮಲ್ಲಿ ಆಕಾಶಕ್ಕೆ ಎದುರಾಗಿರುವುದು ತಲೆ ಮತ್ತು ಭುಜ ಮಾತ್ರ.

ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಗಂಟೆಗೆ 20 ಮಿ.ಮೀ. ಜೋರಿನಲ್ಲಿ ಮಳೆ ಬೀಳುತ್ತಿದೆ, ನೀವು ಕಾಲು ಗಂಟೆ ಅದರಲ್ಲಿ ನಿಂತಿದ್ದೀರಿ ಎನ್ನಿ. ಬಿದ್ದ ಮಳೆ 5 ಮಿ.ಮೀ. ಮೇಲಿನಿಂದ ನೋಡಿದರೆ ತಲೆಯ ಉದ್ದ ಸುಮಾರು 20 ಸೆಂ.ಮೀ., ಅಗಲ 15 ಸೆಂ.ಮೀ. ಮೊಟ್ಟೆಯಾಕಾರದ ಆ ಜಾಗದ ವಿಸ್ತೀರ್ಣ ಸುಮಾರು 235 ಚದರ ಸೆಂ.ಮೀ. ಅಂದರೆ ತಲೆಗೆ ಬಿದ್ದ ನೀರು ಸುಮಾರು 120 ಮಿಲಿಲೀಟರ್, ಅರ್ಧ ಲೋಟದಷ್ಟು.

ಗಾಳಿಯಿಲ್ಲದೆ ನೇರವಾಗಿ ಬೀಳುವ ಮಳೆಯಲ್ಲಿ ತಲೆಗೆ ಬೀಳುವ ನೀರು ನೀವು ಎಷ್ಟು ಹೊತ್ತು ಹೊರಗಿದ್ದಿರಿ ಎಂಬುದರ ಮೇಲೆ ನಿಂತಿದೆ. ಎದೆಗೆ ಬಡಿಯುವ ನೀರು ಎಷ್ಟು ದೂರ ಹೋದಿರಿ ಎಂಬುದರ ಮೇಲೆ ನಿಂತಿದೆ. ಓಡಿದರೆ ದೂರ ಕಡಿಮೆಯಾಗುವುದಿಲ್ಲ, ಸಮಯ ಕಡಿಮೆಯಾಗುತ್ತದೆ. ಆದ್ದರಿಂದ ಓಟದಿಂದ ಲಾಭವಾಗುವುದು ಮುಖ್ಯವಾಗಿ ತಲೆಗೆ.

ಈ ಗಣಿತವನ್ನು ಪುಸ್ತಕವಿಲ್ಲದೆ ಅರಿತವರು ನಮ್ಮ ರೈತರು. ಮಲೆನಾಡಿನ ಗೊರಬೆಯನ್ನು ನೆನಪಿಸಿಕೊಳ್ಳಿ. ಬಿದಿರಿನ ಸೀಳುಗಳನ್ನು ಹೆಣೆದು, ನಡುವೆ ಎಲೆ ಹಾಸಿ ಮಾಡಿದ ಈ ಹೊದಿಕೆ ಛತ್ರಿಯ ಹಾಗೆ ತಲೆಗಷ್ಟೇ ನಿಲ್ಲುವುದಿಲ್ಲ, ಬೆನ್ನಿನ ಮೇಲೂ ಇಳಿಯುತ್ತದೆ. ಏಕೆಂದರೆ ಗದ್ದೆಯಲ್ಲಿ ಸಸಿ ನೆಡುವಾಕೆ ಬಗ್ಗಿ ನಿಂತಿರುತ್ತಾಳೆ. ಬಗ್ಗಿದವಳಿಗೆ ಆಕಾಶಕ್ಕೆ ಎದುರಾಗುವುದು ಬೆನ್ನು. ಎರಡೂ ಕೈ ಕೆಲಸಕ್ಕೆ ಬಿಡುವಾಗಿಯೂ ಇರುತ್ತವೆ. ದೂರದ ಮೇಘಾಲಯದಲ್ಲಿ ಖಾಸಿ ಜನ ಬಳಸುವ 'ಕ್ನುಪ್' ಕೂಡ ಹೆಚ್ಚುಕಡಿಮೆ ಇದೇ ಆಕಾರದ್ದು. ಜೋರು ಮಳೆ, ಬಗ್ಗಿ ಮಾಡುವ ಕೆಲಸ ಎರಡೂ ಕಡೆ ಇರುವುದರಿಂದ ಉತ್ತರವೂ ಒಂದೇ ಬಗೆಯದಾಯಿತು.

ಕಂಬಳಿಕೊಪ್ಪೆಯದು ಇನ್ನೊಂದು ಜಾಣತನ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ನೀರನ್ನು ಎಳೆಯೊಳಗೆ ಹೀರಿಕೊಂಡರೂ ಮುಟ್ಟಿದರೆ ಅಷ್ಟಾಗಿ ಒದ್ದೆ ಎನ್ನಿಸದು. ಕರಾವಳಿಯ ಅಡಿಕೆ ಹಾಳೆಯ ಮುಟ್ಟಾಳೆಯಿರಲಿ, ಗೋಣಿಚೀಲದ ಕೊಪ್ಪೆಯಿರಲಿ, ಎಲ್ಲದರ ಆರಂಭ ತಲೆಯಿಂದಲೇ.

ಮನುಷ್ಯರಷ್ಟೇ ಅಲ್ಲ, ಬೋರ್ನಿಯೊ ಮತ್ತು ಸುಮಾತ್ರಾ ಕಾಡುಗಳ ಒರಾಂಗುಟಾನ್‌ಗಳೂ ಮಳೆ ಬಂದರೆ ಎಲೆಯಿರುವ ಕೊಂಬೆಯನ್ನು ಮುರಿದು ತಲೆಯ ಮೇಲೆ ಹಿಡಿದುಕೊಳ್ಳುತ್ತವೆ.

ಒದ್ದೆ ಕೂದಲು ಎಂಬ ಹೂಜಿ

ಇನ್ನು ಚಳಿಯ ವಿಷಯ. ಮಣ್ಣಿನ ಹೂಜಿಯ ನೀರು ತಣ್ಣಗಿರುವುದೇಕೆಂದು ವಿದ್ಯಾರ್ಥಿಗಳಿಗೆ ಗೊತ್ತು. ನೀರು ಆವಿಯಾಗುವಾಗ ಸುತ್ತಲಿನಿಂದ ಶಾಖ ಹೀರುತ್ತದೆ. ಚರ್ಮದ ಮೇಲಿನ ಒಂದು ಗ್ರಾಂ ನೀರು ಆರಲು ಸುಮಾರು 2,400 ಜೂಲ್ ಶಾಖ ಬೇಕು. ಒದ್ದೆ ಕೂದಲು ತಲೆಯ ಮೇಲೆ ಹೊತ್ತ ಹೂಜಿ ಇದ್ದಂತೆ. ಅಂಗೈ ಮೇಲಿನ ನೀರು ಜಾರಿ ಹೋಗುತ್ತದೆ. ಕೂದಲಿನದು ಅಲ್ಲೇ ನಿಂತು ನಿಧಾನವಾಗಿ ಆರುತ್ತದೆ. ಕೂದಲಿನಲ್ಲಿ 50 ಗ್ರಾಂ ನೀರು ಉಳಿದು ಒಂದು ಗಂಟೆಯಲ್ಲಿ ಆರಿತೆಂದುಕೊಳ್ಳಿ. ಅದಕ್ಕೆ ಬೇಕಾದ ಶಾಖವೆಲ್ಲ ನಿಮ್ಮಿಂದಲೇ ಹೋದರೆ ಅದು ಸುಮ್ಮನೆ ಕುಳಿತ ದೊಡ್ಡವರ ದೇಹ ಅಷ್ಟು ಹೊತ್ತಿನಲ್ಲಿ ಉತ್ಪಾದಿಸುವ ಶಾಖದ ಸುಮಾರು ಮೂರನೇ ಒಂದು ಪಾಲು. ನಿಜದಲ್ಲಿ ಅರ್ಧ ಶಾಖ ಗಾಳಿಯಿಂದ ಬಂದರೂ ಉಳಿದದ್ದು ಕಡಿಮೆಯೇನಲ್ಲ.

ಇಲ್ಲಿ ಒಂದು ತಪ್ಪು ನಂಬಿಕೆಯನ್ನೂ ತಿದ್ದಿಕೊಳ್ಳಬೇಕು. 'ದೇಹದ ಅರ್ಧದಷ್ಟು ಶಾಖ ತಲೆಯಿಂದಲೇ ಹೋಗುತ್ತದೆ' ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಅಮೆರಿಕ ಸೇನೆಯ 1970ರ ಕೈಪಿಡಿಯೊಂದರಲ್ಲೂ ಇಂಥ ಮಾತಿತ್ತು. ಮೈಯನ್ನೆಲ್ಲ ದಪ್ಪ ಉಡುಪಿನಲ್ಲಿ ಮುಚ್ಚಿ ತಲೆಯನ್ನು ಮಾತ್ರ ತೆರೆದಿಟ್ಟರೆ ಹಾಗೆ ಕಾಣುವುದು ಸಹಜ. ಎಲ್ಲ ಕಿಟಕಿ ಮುಚ್ಚಿ ಒಂದನ್ನು ಮಾತ್ರ ತೆರೆದರೆ ಗಾಳಿಯೆಲ್ಲ ಅದರಿಂದಲೇ ತಾನೇ ಹೋಗಬೇಕು? ದೊಡ್ಡವರ ಚರ್ಮದ ವಿಸ್ತೀರ್ಣದಲ್ಲಿ ತಲೆ ಮತ್ತು ಕತ್ತಿನ ಪಾಲು ನೂರಕ್ಕೆ ಸುಮಾರು 9 ಮಾತ್ರ. ಶಾಖನಷ್ಟದಲ್ಲಿ ಅದರ ಪಾಲೂ ಹೆಚ್ಚುಕಡಿಮೆ ಅಷ್ಟೇ. ಆದರೆ ಒಂದು ವ್ಯತ್ಯಾಸವಿದೆ. ಚಳಿಯಾದಾಗ ಕೈಕಾಲಿನ ರಕ್ತನಾಳಗಳು ಸಂಕುಚಿಸಿ ಶಾಖವನ್ನು ಉಳಿಸುತ್ತವೆ. ನೆತ್ತಿಯ ನಾಳಗಳು ಅಷ್ಟಾಗಿ ಸಂಕುಚಿಸುವುದಿಲ್ಲ.

ಕೈಗೂಸಿನ ವಿಷಯ ಬೇರೆ. ಅದರ ಮೈಯ ವಿಸ್ತೀರ್ಣದಲ್ಲಿ ತಲೆಯ ಪಾಲು ನೂರಕ್ಕೆ ಸುಮಾರು 18, ನಮ್ಮ ಎರಡರಷ್ಟು. ಮಗುವಿಗೆ ಕುಲಾವಿ ಹಾಕುವ ಅಜ್ಜಿಯಂದಿರ ಪದ್ಧತಿಗೆ ಇದು ಗಟ್ಟಿ ಆಧಾರ.

ಥಂಡಿ: ಅಜ್ಜಿ ಹೇಳಿದ್ದು ಎಷ್ಟು ನಿಜ?

ನೆಗಡಿ ಬರುವುದು ವೈರಸ್‌ನಿಂದ, ಮಳೆನೀರಿನಿಂದಲ್ಲ. ಇದು ಖಚಿತ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಲ್ಲಿ ನೆಗಡಿಯ ಅಧ್ಯಯನಕ್ಕೆಂದೇ ಒಂದು ಸಂಶೋಧನಾ ಘಟಕ ತೆರೆದರು. ಅಲ್ಲಿ ಕೆಲವು ಸ್ವಯಂಸೇವಕರಿಗೆ ಬಿಸಿನೀರಿನ ಸ್ನಾನ ಮಾಡಿಸಿ, ಒದ್ದೆ ಬಟ್ಟೆಯಲ್ಲೇ ಗಾಳಿ ಬೀಸುವ ಪಡಸಾಲೆಯಲ್ಲಿ ನಿಲ್ಲಿಸಿದರು. ಚಳಿಯಲ್ಲಿ ನಡುಗಿದವರಿಗೆ ನೆಗಡಿ ಹೆಚ್ಚಾಗಿ ಬಂದದ್ದು ಕಂಡುಬರಲಿಲ್ಲ. ಅಜ್ಜಿ ಸೋತರು ಎಂದೇ ಬಹುಕಾಲ ತಿಳಿದಿದ್ದರು.

2005ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನ ವಿಜ್ಞಾನಿಗಳು ಇನ್ನೊಂದು ಪ್ರಯೋಗ ಪ್ರಕಟಿಸಿದರು. 90 ಜನರ ಪಾದಗಳನ್ನು 20 ನಿಮಿಷ ತಣ್ಣೀರಿನಲ್ಲಿ ಇರಿಸಿದರು. ಇನ್ನು 90 ಜನ ಖಾಲಿ ಬೋಗುಣಿಯಲ್ಲಿ ಕಾಲಿಟ್ಟು ಕುಳಿತರು. ಮುಂದಿನ ನಾಲ್ಕೈದು ದಿನಗಳಲ್ಲಿ ತಣ್ಣೀರಿನ ಗುಂಪಿನ 13 ಜನ ನೆಗಡಿಯಾಯಿತು ಎಂದರು. ಇನ್ನೊಂದು ಗುಂಪಿನಲ್ಲಿ 5 ಜನ. ಮೈ ತಣ್ಣಗಾದಾಗ ಮೂಗಿನೊಳಗಿನ ರಕ್ತನಾಳಗಳು ಸಂಕುಚಿಸಿ ಅಲ್ಲಿನ ರಕ್ಷಣೆ ಕುಗ್ಗಬಹುದು, ಮೊದಲೇ ಒಳಸೇರಿದ್ದ ವೈರಸ್ ಆಗ ತಲೆಯೆತ್ತಬಹುದು ಎಂಬುದು ಅವರ ಊಹೆ. ಇದು ಕೊನೆಯ ಮಾತಲ್ಲ, ಆದರೆ ಅಜ್ಜಿಗೆ ಸ್ವಲ್ಪ ಬಲ ಬಂತು. ಸ್ವಾರಸ್ಯವೆಂದರೆ ಅಲ್ಲಿ ನೆನೆದದ್ದು ನೆತ್ತಿಯಲ್ಲ, ಪಾದ! ಆದ್ದರಿಂದ ಮಳೆಯಲ್ಲಿ ಬಂದ ಮಕ್ಕಳ ತಲೆ ಒರೆಸಿ ಸುಮ್ಮನಾಗಬೇಡಿ. ಒದ್ದೆ ಸಾಕ್ಸ್, ಒದ್ದೆ ಬಟ್ಟೆಗಳನ್ನೂ ಬದಲಾಯಿಸಲು ಹೇಳಿ.

ಮಾಡಿ ನೋಡಿ

ಹನಿಯ ಗಾತ್ರ ಅಳೆಯಬೇಕೆ? ಅಮೆರಿಕದ ವಿಲ್ಸನ್ ಬೆಂಟ್ಲಿ ಎಂಬ ರೈತ 1904ರಲ್ಲಿ ಪ್ರಕಟಿಸಿದ ಉಪಾಯ ಇದು. ತಟ್ಟೆಯಲ್ಲಿ ಎರಡು ಸೆಂ.ಮೀ. ದಪ್ಪ ಮೈದಾಹಿಟ್ಟನ್ನು ಸಡಿಲವಾಗಿ ಹರಡಿ. ಮಳೆಗೆ ಎರಡು ಮೂರು ಸೆಕೆಂಡು ಮಾತ್ರ ಹಿಡಿದು ಒಳಗೆ ತನ್ನಿ. ಪ್ರತಿ ಹನಿಯೂ ಹಿಟ್ಟಿನಲ್ಲಿ ಒಂದು ಉಂಡೆಯಾಗಿರುತ್ತದೆ. ಒಣಗಿದ ಮೇಲೆ ಜರಡಿ ಹಿಡಿದು ಉಂಡೆಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ. ಸೋನೆಮಳೆಯ ಉಂಡೆಗೂ ಗುಡುಗುಮಳೆಯ ಉಂಡೆಗೂ ಇರುವ ವ್ಯತ್ಯಾಸವನ್ನು ವಹಿಯಲ್ಲಿ ಬರೆದಿಡಿ. ಆದರೆ ಗುಡುಗು ಕೇಳುತ್ತಿರುವಾಗ ತಟ್ಟೆ ಹಿಡಿದು ಅಂಗಳಕ್ಕೆ ಇಳಿಯಬೇಡಿ. ಮೊದಲೇ ಹೊರಗಿಟ್ಟು, ಸದ್ದು ಪೂರ್ತಿ ನಿಂತ ಮೇಲೆ ಬರುವ ಮಳೆಗೆ ಮುಚ್ಚಳ ತೆಗೆಯಿರಿ.

ಕೈ ಏಳದ ಜಾಗಗಳು

ದೊಡ್ಡ ಹನಿಯ ಅಡ್ಡಗಲ ಸುಮಾರು 5 ಮಿ.ಮೀ. ಅದರ ತೂಕ ಒಂದು ಗ್ರಾಂನ ಹದಿನೈದನೇ ಒಂದು ಭಾಗ. ಎರಡು ಕಿ.ಮೀ. ಎತ್ತರದಿಂದ ತಡೆಯಿಲ್ಲದೆ ಬಿದ್ದರೆ ಅದು ಗಂಟೆಗೆ 700 ಕಿ.ಮೀ. ವೇಗದಲ್ಲಿ ಬಂದು ತಲೆಗೆ ಗುಂಡಿನಂತೆ ಬಡಿಯಬೇಕಿತ್ತು. ಗಾಳಿ ತಡೆಯುವುದರಿಂದ ಸೆಕೆಂಡಿಗೆ 9 ಮೀಟರ್, ಅಂದರೆ ಗಂಟೆಗೆ ಸುಮಾರು 32 ಕಿ.ಮೀ. ವೇಗದಲ್ಲಷ್ಟೇ ಬೀಳುತ್ತದೆ. ಈ ಹನಿಗೆ ನಮ್ಮ ಕೈ ಏಳುತ್ತದೆ.

ಈಗ ಸ್ಕೂಟರಿನ ಹಿಂದೆ ಕುಳಿತು ಶಾಲೆಗೆ ಹೊರಟ ಮಗುವನ್ನು ನೋಡಿ. ಸ್ಕೂಟರಿನ ವೇಗವೂ ಗಂಟೆಗೆ 32 ಕಿ.ಮೀ. ಎನ್ನಿ. ಆ ವೇಗದಲ್ಲಿ ಹೋಗುತ್ತಿರುವುದು ಹನಿಯಲ್ಲ, ತಲೆ. ಬೆಳೆದವರ ತಲೆ ನಾಲ್ಕೂವರೆ, ಐದು ಕಿಲೋ ತೂಗುತ್ತದೆ, ಹನಿಯ ಸುಮಾರು ಎಪ್ಪತ್ತು ಸಾವಿರ ಪಟ್ಟು. ಆ ತಲೆಯ ಮೇಲೆ ಅನೇಕ ಸಲ ಏನೂ ಇರುವುದಿಲ್ಲ. ಮಳೆ ಬಂದರೆ ಹಿಂದೆ ಕುಳಿತವರು ಛತ್ರಿ ಬಿಚ್ಚುತ್ತಾರೆ. ಅದು ಗಾಳಿಗೆ ಹಾಯಿಯಂತೆ ಉಬ್ಬಿ ಸವಾರರನ್ನೇ ಎಳೆದು ಬೀಳಿಸಬಲ್ಲದು. ನಾಲ್ಕು ವರ್ಷ ಮೀರಿದ ಎಲ್ಲರೂ ಹೆಲ್ಮೆಟ್ ಹಾಕಬೇಕೆಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೇಳುತ್ತದೆ. ಕಾಯ್ದೆ ಬೇಕಾಯಿತೇಕೆಂದರೆ, ಇದಕ್ಕೆ ಕೈ ತಾನಾಗಿ ಏಳುವುದಿಲ್ಲ.

ಸಿಡಿಲಿನದೂ ಹೀಗೆಯೇ. ತಲೆ ನೆನೆಯುತ್ತದೆಂದು ಮರದ ಬುಡಕ್ಕೆ ಓಡುತ್ತೇವೆ. ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರವಾದ ಮರಕ್ಕೆ ಸಿಡಿಲು ಬಡಿಯುವ ಸಂಭವ ಹೆಚ್ಚು. ಬಡಿದರೆ ವಿದ್ಯುತ್ತು ಕಾಂಡದಿಂದ ಪಕ್ಕದಲ್ಲಿ ನಿಂತವರ ಮೈಗೆ ಹಾರುತ್ತದೆ. ನಮ್ಮ ದೇಶದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಿದ್ದಾರೆ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿ.ಮೀ. ದೂರದೊಳಗೆ ಇದೆ ಎಂದರ್ಥ. ಪಕ್ಕಾ ಕಟ್ಟಡದೊಳಗೆ ಅಥವಾ ಮುಚ್ಚಿದ ಬಸ್ಸು, ಕಾರಿನೊಳಗೆ ಸೇರಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು. ಹತ್ತಿರ ಕಟ್ಟಡವಿಲ್ಲದಿದ್ದರೆ ಒಂಟಿ ಮರದಿಂದ ದೂರ, ತಗ್ಗು ಜಾಗಕ್ಕೆ ಹೋಗಬೇಕು. ತಲೆ ನೆನೆದರೆ ನೆನೆಯಲಿ.

ಶರೀರಕ್ಕೆ ಗೊತ್ತಿರುವುದು ತನಗೆ ತಾಗಿದ್ದು ಮಾತ್ರ. ತಣ್ಣನೆಯ ಹನಿ ತಾಗುತ್ತದೆ, ಕೈ ಏಳುತ್ತದೆ. ಬೀಳಲಿರುವ ಪೆಟ್ಟು, ಬಡಿಯಲಿರುವ ಸಿಡಿಲು ಮುಂಚಿತವಾಗಿ ತಾಗುವುದಿಲ್ಲ. ಅವುಗಳಿಗೆ ಕೈ ಏಳಬೇಕಾದರೆ ಕಲಿಸಬೇಕು, ಮತ್ತೆ ಮತ್ತೆ ಮಾಡಿಸಬೇಕು. ತಲೆಗೆ ಸೆರಗು ಹೊದಿಸಿದ ತಾಯಿ ಕಲಿಸಿದ್ದೂ ಹಾಗೆಯೇ ತಾನೇ?

ಇಷ್ಟನ್ನೂ ಮಗಳಿಗೆ ಹೇಳಿದೆ. ಅವಳು ಪೂರ್ತಿ ಕೇಳಿ, "ಹಾಗಾದರೆ ನಾಳೆಯಿಂದ ನನಗೂ ಹೆಲ್ಮೆಟ್ ಬೇಕಲ್ಲ ಅಪ್ಪಾ?" ಎಂದಳು. ನಾನು ತಲೆಯ ಮೇಲೆ ಕೈ ಇಟ್ಟುಕೊಂಡೆ. ಅಷ್ಟು ದಿನ ಅವಳನ್ನು ಬರಿದಲೆಯಲ್ಲೇ ಕೂರಿಸಿಕೊಂಡು ಹೋಗುತ್ತಿದ್ದವನು ನಾನೇ. ಮರುದಿನ ಸಂಜೆ ಅಂಗಡಿಗೆ ಹೋಗಿ ಅವಳ ಅಳತೆಯದನ್ನು ತಂದೆ. ಈಗ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಅವಳ ಕೈ ಗೋಡೆಯ ಮೊಳೆಗೆ ನೇತುಹಾಕಿದ ಹೆಲ್ಮೆಟ್ಟಿಗೆ ಹೋಗುತ್ತದೆ.